ಸಂಜೆಗೆ ಬಾಗಿಲು ತೆಗೆಯುವ ಮನೆ

ಆ ಶುಕ್ರವಾರವೂ ಬೆಳಿಗ್ಗೆ ಸ್ನಾನವಾದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಸ್ಟೂಲ್ ಹತ್ತಿ ಏಸಿಯ ಕಿಂಡಿಗೆ ರಟ್ಟು ಅಂಟಿಸಿದ್ದು. ಉತ್ತರ ಆಸ್ಟಿನ್‌ನಲ್ಲಿದ್ದ ನಮ್ಮ ಮನೆಯಲ್ಲಿ ದೇವರ ಕಪಾಟಿನ ನೇರ ಮೇಲೆ ತಣ್ಣನೆಯ ಗಾಳಿ ಬರುವ ಕಿಂಡಿಯಿತ್ತು. ಮನೆ ಕಟ್ಟಿದವರಿಗೆ ಆ ಮೂಲೆಯಲ್ಲಿ ಯಾರೋ ದೀಪ ಹಚ್ಚುತ್ತಾರೆಂದು ಹೇಗೆ ಗೊತ್ತಾಗಬೇಕು? ಏಸಿ ಶುರುವಾಯಿತೆಂದರೆ ದೀಪ ಎರಡು ಸಲ ತಲೆ ಅಲ್ಲಾಡಿಸಿ ಆರಿಹೋಗುತ್ತಿತ್ತು. ಅದಕ್ಕೇ ಮಕ್ಕಳ ಸೀರಿಯಲ್ ಡಬ್ಬದ ರಟ್ಟನ್ನು ಅಳತೆಗೆ ಕತ್ತರಿಸಿ ಇಟ್ಟುಕೊಂಡಿದ್ದೆ. ಪೂಜೆಗೆ ಮುಂಚೆ ಅಂಟಿಸುವುದು, ಮುಗಿದ ಮೇಲೆ ಕಿತ್ತು ಕಪಾಟಿನ ಹಿಂದೆ ಸೇರಿಸುವುದು. ಮಂಗಳಾರತಿಯ ಹೊತ್ತಿಗೆ ನಮ್ಮ ಯಜಮಾನರು ಶ್ರೀಧರ್ ಹಳೆಯ ಪೇಪರ್ ಹಿಡಿದು ಹೊಗೆ ಕಂಡರೆ ಕಿರುಚುವ ಅಲಾರಮ್ಮಿನ ಕೆಳಗೆ ನಿಲ್ಲುತ್ತಿದ್ದರು.

"ದೇವರಿಗೆ ಚಾಮರ ಬೀಸೋದ್ ಬಿಟ್ಟು ಈ ಡಬ್ಬಿಗೆ ಬೀಸ್ತಾ ಇದೀನಿ ನೋಡು ಮಾಲಿನಿ," ಎಂದು ಪ್ರತಿ ಹಬ್ಬಕ್ಕೂ ಹೇಳುತ್ತಿದ್ದರು. ಅವತ್ತೂ ಹೇಳಿದರು. ಹಾಲು ಕಾಯಿಸಿದೆ, ಅವರ ಊಟದ ಡಬ್ಬಿ ಕಟ್ಟಿದೆ, ರೇಡಿಯೋದವನು ಬಿಸಿಲು ಇವತ್ತೂ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ, ನಾಯಿಗಳನ್ನು ಹೊರಗೆ ಕಟ್ಟಬೇಡಿ ಎಂದದ್ದನ್ನು ಕೇಳಿಸಿಕೊಂಡೆ. ಆಮೇಲೆ ಫಾಯಿಲ್‌ನಲ್ಲಿ ಸುತ್ತಿದ ಹೋಳಿಗೆಯನ್ನೂ ಇಸ್ತ್ರಿ ಮಾಡಿದ ರೇಷ್ಮೆ ಸೀರೆಯನ್ನೂ ಕಾರಿನ ಹಿಂದಿನ ಸೀಟಿನಲ್ಲಿಟ್ಟು ಗೆಳತಿ ಶಕುಂತಲಾಳ ಮನೆಗೆ ಹೊರಟೆ. ವರಮಹಾಲಕ್ಷ್ಮಿ ಹಬ್ಬ. ಸಂಜೆ ಅವಳ ಮನೆಗೆ ಊರಿನ ಕನ್ನಡದ ಹೆಂಗಸರೆಲ್ಲ ಅರಿಶಿನ ಕುಂಕುಮಕ್ಕೆ ಬರುವವರಿದ್ದರು. ಅವರೆದುರು ಆ ಮನೆ ಪಾಸಾಗಬೇಕಿತ್ತು. ಆಗದಿದ್ದರೆ ಸೋಮವಾರ ಅದರ ಅಂಗಳದ ಮರ ಕಡಿಯುವವರು ಬರುವುದೆಂದು ನಿಶ್ಚಯವಾಗಿತ್ತು.

ಇದೆಲ್ಲ ಈಗ ನೆನಪಾಗಿದ್ದು ಒಂದು ವಾಸನೆಯಿಂದ. ಹೋದ ತಿಂಗಳು ಸೌತ್‌ಲೇಕ್‌ನಲ್ಲಿರುವ ತಂಗಿಯ ಮಗಳ ಮನೆಗೆ ಹೋಗಿದ್ದೆ. ಸಂಜೆ ಅವಳು ಮುಂಬಾಗಿಲ ಕಲ್ಲಿನ ಮೆಟ್ಟಿಲಿಗೆ ಪೈಪು ಹಿಡಿದು ನೀರು ಬಿಟ್ಟಳು. ದಿನವೆಲ್ಲ ಕಾದ ಸುಣ್ಣದ ಕಲ್ಲು ನೀರು ಕುಡಿಯುವಾಗ ಬರುವ ವಾಸನೆಯೇ ಬೇರೆ. ಮಣ್ಣಿನದ್ದಲ್ಲ, ಸಿಮೆಂಟಿನದ್ದೂ ಅಲ್ಲ. ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಮುಖ ಹತ್ತಿರ ಹಿಡಿದಂತೆ ಇರುತ್ತದೆ. ನಾನು ಕಾಫಿ ಲೋಟ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. "ಅಜ್ಜೀ, ಆರ್ ಯು ಓಕೆ?" ಎಂದು ಅವಳ ಮಗ ಕೇಳಿದ. ಸರಿಯಾಗಿಯೇ ಇದ್ದೆ. ಹೊಸ ಶತಮಾನ ಶುರುವಾದ ಹೊಸತರ ಆ ಒಂದು ಬೇಸಿಗೆಯಲ್ಲಿದ್ದೆ, ಅಷ್ಟೆ.

ಶಕುಂತಲಾ ವಿಜಾಪುರದವಳು. ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದಿ, ಮದುವೆಯಾಗಿ, ಗಂಡನ ವೀಸಾದ ಬಾಲ ಹಿಡಿದು ಬಂದವಳು. ಆ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ನಾನು ಅವಳನ್ನು ಮೊದಲು ನೋಡಿದ್ದು ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಬಟ್ಟೆ ಒಗೆಯುವ ಕೋಣೆಯಲ್ಲಿ. ಈಗ ಡೊಮೇನ್ ಎಂಬ ಮಾಲಿಗೆ ಜನ ಮುಗಿಬೀಳುವ ಕಡೆ ಆಗ ಅಂಗಡಿ ಸಾಲೇ ಇರಲಿಲ್ಲ. ಸಂಜೆ ಹೊತ್ತು ಹೋಗಲು ನಮಗೆ ಆ ಒಗೆಯುವ ಕೋಣೆಯೇ ಗತಿ. ಅವಳು ಮಷೀನಿಗೆ ಬಟ್ಟೆ ಹಾಕುವುದು ಬಿಟ್ಟು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದಳು, ಸಂತೆಯಲ್ಲಿ ಕುಂಬಳಕಾಯಿ ತಟ್ಟುವ ಹಾಗೆ.

"ಇದು ಗ್ವಾಡಿ ಅಲ್ಲರಿ," ಎಂದಳು ನನ್ನ ಕಡೆ ತಿರುಗಿ, ಪರಿಚಯವೂ ಇಲ್ಲದೆ. "ಬಿಸ್ಕಿಟ್ ಡಬ್ಬಿ."

ಹೀಗೆ ಶುರುವಾದ ಸ್ನೇಹ. ನಾನು ಬೇಗನೆ ಅವಳನ್ನು ಶಕ್ಕು, ನೀನು ಎನ್ನತೊಡಗಿದೆ. ಅವಳು ಮಾತ್ರ ಎಷ್ಟು ವರ್ಷವಾದರೂ "ಮಾಲಿನಿ ಅವರ" ಎಂದೇ ಕರೆಯುತ್ತಿದ್ದಳು, ಬೈಯುವಾಗಲೂ ಒಂದು 'ರಿ' ಹಚ್ಚಿಯೇ ಬೈಯುತ್ತಿದ್ದಳು. ಮಾತಾಡುವಾಗ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಕಾಫಿ ಚೆಲ್ಲಿದರೆ ಆ ಹನಿಯಲ್ಲಿ ಬೆರಳಿಟ್ಟು ಮೇಜಿನ ಮೇಲೆ ಒಂದು ಮನೆ ಬರೆಯುತ್ತಿದ್ದಳು: ಇಲ್ಲಿ ಅಂಗಳ, ಇಲ್ಲಿ ಪಡಸಾಲೆ, ಇಲ್ಲಿ ಗಾಳಿ ಬರುವ ದಾರಿ. ಬರೆದು ಮುಗಿಯುವಷ್ಟರಲ್ಲಿ ಏಸಿಯ ಗಾಳಿಗೆ ಅದು ಒಣಗಿಹೋಗುತ್ತಿತ್ತು. ನಾನು ಓದಿದ ಮೈಸೂರಿನ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುವ ಸಿಸ್ಟರ್ ಒಬ್ಬರಿದ್ದರು. ಬಟ್ಟೆ ಇಲ್ಲದಿದ್ದರೂ ಅವರ ಬೆರಳು ಮಡಿಲಲ್ಲಿ ಟಾಕು ಹಾಕುತ್ತಲೇ ಇರುತ್ತಿತ್ತು. ಶಕ್ಕುವನ್ನು ನೋಡುವಾಗಲೆಲ್ಲ ಅವರ ನೆನಪಾಗುತ್ತಿತ್ತು.

ಅವಳ ಗಂಡ ಪ್ರಹ್ಲಾದ್ ಬಸವನಗುಡಿಯವರು, ಚಿಪ್ ಕಂಪನಿಯೊಂದರಲ್ಲಿ ಕೆಲಸ. ಒಳ್ಳೆಯವರು, ಆದರೆ ಬೇಗ ಗಾಬರಿಯಾಗುವವರು. ಊರಾಚೆ ಪಶ್ಚಿಮಕ್ಕೆ, ಗುಡ್ಡಗಳ ಕಡೆ ಅವರು ಸೈಟು ತೆಗೆದುಕೊಂಡಾಗ ನಮಗೆಲ್ಲ ಆಶ್ಚರ್ಯ. ಕಲ್ಲು, ಮುಳ್ಳುಕಳ್ಳಿ, ನಡುವೆ ಒಂದು ದೊಡ್ಡ ಓಕ್ ಮರ. ಇಲ್ಲಿಯ ಓಕ್ ಚಳಿಗಾಲದಲ್ಲೂ ಎಲೆ ಉದುರಿಸದೆ ಹಸಿರಾಗಿರುತ್ತದೆ. ನಾವೆಲ್ಲ ಬಿಲ್ಡರನ ಪಟ್ಟಿಯಿಂದ ಮನೆ ಆರಿಸಿದವರು. ಆರಿಸಿದ್ದೆಂದರೆ ಅಡುಗೆಮನೆಯ ಕಲ್ಲಿನ ಬಣ್ಣವನ್ನು, ಕಾರ್ಪೆಟ್ಟನ್ನು. ಶಕ್ಕು ಮಾತ್ರ ಇಡೀ ಒಂದು ಬೇಸಿಗೆ ಆ ಸೈಟಿನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂತಳು. ನೆರಳು ಸರಿದಂತೆ ಕುರ್ಚಿ ಸರಿಸುತ್ತಿದ್ದಳು, ನೆರಳಿನ ಅಂಚಿಗೆ ಒಂದೊಂದು ಕಲ್ಲು ಇಡುತ್ತಿದ್ದಳು. ಗಾಳಿ ಯಾವ ಕಡೆಯಿಂದ ಬರುತ್ತದೆಂದು ನೋಡಲು ಮುಳ್ಳಿನ ಗಿಡಕ್ಕೆ ಹಳೆಯ ದುಪಟ್ಟಾ ಕಟ್ಟಿದ್ದಳು. ನಾನು ಬುಧವಾರಗಳಂದು ಚಪಾತಿ ಪಲ್ಯ ಕಟ್ಟಿಕೊಂಡು ಹೋಗಿ ಅವಳ ಜೊತೆ ಕೂರುತ್ತಿದ್ದೆ.

"ಇಲ್ಲೀ ಬ್ಯಾಸಗಿ ಥೇಟ್ ನಮ್ಮ ವಿಜಾಪುರದ್ದ ನೋಡ್ರಿ," ಎನ್ನುತ್ತಿದ್ದಳು. "ಹಗಲು ಬೆಂಕಿ. ಆದ್ರ ಮಳಿ ಇಲ್ಲದ ವರ್ಷ ರಾತ್ರಿ ಗಾಳಿ ತಂಪ ಇರತದ. ಆ ತಂಪನ್ನ ಮನ್ಯಾಗ ಕೂಡಿಸಿ ಇಟಗೋಬೇಕು. ನಮ್ಮ ಅಜ್ಜನ ಮನಿ ಹಾಂಗೇ ಕಟ್ಯಾರ."

ಅವಳು ಕಟ್ಟಿಸಿದ ಮನೆಯನ್ನು ಹೇಗೆ ಹೇಳಲಿ? ಓಕ್ ಮರವನ್ನು ಕಡಿಯದೆ ಅದರ ಸುತ್ತ ಮನೆ ಬಂತು. ಮರ ಇದ್ದ ಜಾಗವೇ ತೆರೆದ ಅಂಗಳ. ಸುತ್ತಲಿನ ಗುಡ್ಡಗಳಿಂದಲೇ ತೆಗೆದ ಸುಣ್ಣದ ಕಲ್ಲಿನ ಗೋಡೆಗಳು, ಕಿಟಕಿಯ ಕಟ್ಟೆಯಲ್ಲಿ ಮಗುವೊಂದು ಕಾಲು ಮಡಚಿ ಮಲಗುವಷ್ಟು ದಪ್ಪ. ಪಶ್ಚಿಮಕ್ಕೆ ಕಿಟಕಿಯೇ ಇಲ್ಲ. ಆ ಕಡೆಯಲ್ಲಿ ಉಗ್ರಾಣ, ಬಚ್ಚಲು, ಬಟ್ಟೆಯ ಕಪಾಟುಗಳನ್ನು ಸಾಲಾಗಿ ನಿಲ್ಲಿಸಿದ್ದಳು. "ಮಧ್ಯಾಹ್ನದ ಬಿಸಲಿಗೆ ನಮ್ಮ ಹಳೀ ಸೂಟ್‌ಕೇಸ್ ಎದಿ ಕೊಡಲಿ," ಎನ್ನುವಳು. ದಕ್ಷಿಣಕ್ಕೆ ಆಳವಾದ ಜಗಲಿ: ಚಳಿಗಾಲದ ಬಿಸಿಲು ಒಳಗೆ ಬರಬೇಕು, ಬೇಸಿಗೆಯದು ಜಗಲಿಯ ಅಂಚಿನಲ್ಲೇ ನಿಲ್ಲಬೇಕು. ಬಿಳಿ ತಗಡಿನ ಮಾಡು, ಅದರ ಕೆಳಗೆ ಗಾಳಿಯಾಡಲು ಒಂದು ಸಂದು. ಮಾಡಿನ ಮೇಲೆ ಬಿದ್ದ ಮಳೆ ನೀರೆಲ್ಲ ಹಿತ್ತಿಲಿನ ತೊಟ್ಟಿಗೆ. ನಮ್ಮ ಬಡಾವಣೆಯಲ್ಲಿ ಎಲ್ಲರೂ ಹುಲ್ಲಿಗೆ ಕುಡಿಯುವ ನೀರು ಬಿಟ್ಟು ಕತ್ತರಿಸಿ ಮತ್ತೆ ಬಿಡುತ್ತಿದ್ದೆವು. ಅವಳು ಅಲ್ಲಿಯ ಕಾಡುಹುಲ್ಲನ್ನೇ ಬಿಟ್ಟು, ಕಾಲುದಾರಿಗೆ ಜಲ್ಲಿ ಹಾಸಿದ್ದಳು. ಪಡಸಾಲೆಯ ಗೋಡೆಯಲ್ಲಿ ಎತ್ತರಕ್ಕೆ, ಮಾಡಿಗೆ ತಾಗಿದಂತೆ ಸಣ್ಣ ಬೆಳಕಿಂಡಿಗಳು. ಅವಕ್ಕೆ ಹಗ್ಗ ಎಳೆದರೆ ತೆರೆಯುವ ಮರದ ಕದಗಳು. ಏಸಿ ಇರಲೇ ಇಲ್ಲವೆಂದಲ್ಲ. ಮಲಗುವ ಕೋಣೆಗಳಿಗೆಂದು ಒಂದು ಸಣ್ಣ ಯಂತ್ರವಿತ್ತು.

ಯುಗಾದಿಯ ಕೂಟದಲ್ಲಿ ಊಟದ ಸಾಲಿನಲ್ಲಿ ನಿಂತವರು ಪ್ರಹ್ಲಾದ್‌ರನ್ನು ಬಿಡಲಿಲ್ಲ.

"ಏನಪ್ಪಾ, ಗೋಳಗುಮ್ಮಟ ಕಟ್ಸಿದೀಯಂತೆ? ಒಳಗೆ ಕೂಗಿದ್ರೆ ಏಳು ಸಲ ಕೇಳ್ಸತ್ತಾ?"

"ಗೋಳಗುಮ್ಮಟಕ್ಕಾದ್ರೂ ಮೇಲೆ ಗುಮ್ಮಟ ಇದೆ ಕಣೋ. ಇವನ ಮನೆ ಮಧ್ಯೆ ತೂತು."

ಪ್ರಹ್ಲಾದ್ ನಕ್ಕರು. ಆದರೆ ಅವರ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಶಕ್ಕು ತಟ್ಟೆಗೆ ಬೇವು ಬೆಲ್ಲ ಹಾಕಿಕೊಂಡು, "ಬರ್ರಿ ಒಮ್ಮೆ, ಕೂಗಿ ನೋಡ್ರಿ," ಎಂದಳು ಸಮಾಧಾನವಾಗಿ. ಆ ಸಮಾಧಾನ ನನಗೆ ಎಂದೂ ಬರಲಿಲ್ಲ.

ವಸಂತದಲ್ಲಿ ಗೃಹಪ್ರವೇಶವಾಯಿತು. ಹೋಮದ ಹೊಗೆ ಮರದ ಕೊಂಬೆಗಳ ನಡುವೆ ನೆಟ್ಟಗೆ ಆಕಾಶಕ್ಕೆ ಹೋಯಿತು. ಅಲಾರಂ ಕೂಗಲಿಲ್ಲ, ಯಾರೂ ಪೇಪರ್ ಬೀಸಲಿಲ್ಲ. ಶ್ರೀಧರ್ ಕೈ ಕಟ್ಟಿಕೊಂಡು ನಿಂತು, "ನನಗಿಲ್ಲಿ ಕೆಲಸವೇ ಇಲ್ಲ," ಎಂದರು. ಹವೆ ಹಿತವಾಗಿತ್ತು. ಎಲ್ಲರೂ ಚೆನ್ನಾಗಿದೆ ಎಂದರು. ಬೇಸಿಗೆ ಇನ್ನೂ ಬಂದಿರಲಿಲ್ಲ.

ಜೂನ್ ಶುರುವಿನಲ್ಲಿ ಹ್ಯೂಸ್ಟನ್‌ನಲ್ಲಿದ್ದ ಶಕ್ಕುವಿನ ತಂಗಿಗೆ ಹೆರಿಗೆಯಾಯಿತು. ಅವರ ತಾಯಿಗೆ ವೀಸಾ ಸಿಗಲಿಲ್ಲ. ಬಾಣಂತನಕ್ಕೆ ಶಕ್ಕುವೇ ಹೋಗಬೇಕಾಯಿತು. ಪ್ರಹ್ಲಾದ್‌ರ ತಾಯಿ ಪದ್ಮಮ್ಮನವರು ಆಗಲೇ ಬೆಂಗಳೂರಿನಿಂದ ಬಂದಿದ್ದರು. ಮನೆ, ಮಗ, ಎಂಟು ವರ್ಷದ ಮೊಮ್ಮಗಳು ಅನಘಾ ಅವರ ವಶಕ್ಕೆ ಬಂದರು. ಪದ್ಮಮ್ಮನವರದು ಅಚ್ಚುಕಟ್ಟಿನ ಜೀವ. ಬೆಳಿಗ್ಗೆ ಸ್ನಾನ ಮಾಡಿ ಒದ್ದೆ ಕೂದಲಿಗೆ ಟವಲ್ ಸುತ್ತಿ, ಮನೆಯ ಎಲ್ಲ ಕಿಟಕಿಗಳನ್ನೂ ಒಂದೊಂದಾಗಿ ತೆಗೆಯುತ್ತ ಬರುತ್ತಿದ್ದರು. "ಹೊಸ ಮನೆ, ಗಾಳಿ ಬೆಳಕು ಆಡ್ಬೇಕಮ್ಮ." ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಂಬಾಗಿಲು ತೆಗೆದು, ಹಿಂಬಾಗಿಲು ಮುಚ್ಚಿ, ಸೊಳ್ಳೆ ಬರದ ಹಾಗೆ ಕಿಟಕಿಗಳನ್ನೆಲ್ಲ ಭದ್ರ ಮಾಡುತ್ತಿದ್ದರು. ಹಿಂಬಾಗಿಲು ತೆರೆದಿದ್ದರೆ ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗುತ್ತಾಳಲ್ಲ. ನಾನೂ ಮೈಸೂರಿನವಳು. ನನ್ನ ಅಮ್ಮ ಮಾಡಿದ್ದೂ ಇದನ್ನೇ. ಅದರಲ್ಲಿ ತಪ್ಪೇನಾದರೂ ಇರಬಹುದೆಂದು ನನಗೆ ಹೊಳೆಯಲೂ ಇಲ್ಲ.

ಆ ವರ್ಷ ಜೂನ್ ಕಳೆದ ಮೇಲೆ ಮಳೆ ಬರಲಿಲ್ಲ. ಹಳ್ಳ ಒಣಗಿತು. ಕಾರಿನ ಸ್ಟಿಯರಿಂಗ್ ಹಿಡಿಯಲು ನಾವೆಲ್ಲ ಅಡುಗೆಮನೆಯ ಮಸಿಬಟ್ಟೆ ಇಟ್ಟುಕೊಂಡಿದ್ದೆವು. ಜುಲೈ ಮಧ್ಯಕ್ಕೆ ಶಕ್ಕುವಿನ ಮನೆ ಕಾಯತೊಡಗಿತು. ಮಧ್ಯಾಹ್ನಕ್ಕಿಂತ ಸಂಜೆ ಹೆಚ್ಚು ಬಿಸಿ, ಸಂಜೆಗಿಂತ ಮಲಗುವ ಹೊತ್ತಿಗೆ ಇನ್ನೂ ಹೆಚ್ಚು. ಕೋಣೆಗಳ ಸಣ್ಣ ಏಸಿ ಏದುಸಿರು ಬಿಡುತ್ತಿತ್ತು. "ಅಜ್ಜೀ, ಇಟ್ಸ್ ಲೈಕ್ ಆನ್ ಅವನ್," ಎಂದು ಅನಘಾ ಬಚ್ಚಲಿನ ನೆಲದ ಮೇಲೆ ಕೆನ್ನೆಯಿಟ್ಟು ಮಲಗುತ್ತಿದ್ದಳು. ಪದ್ಮಮ್ಮನವರು ಹೆಚ್ಚು ಗಾಳಿ ಬರಲಿ ಎಂದು ಹಗಲು ಬೆಳಕಿಂಡಿಗಳನ್ನೂ ತೆಗೆಯತೊಡಗಿದರು. ಪ್ರಹ್ಲಾದ್ ಒಬ್ಬ ಕಂಟ್ರ್ಯಾಕ್ಟರನ್ನು ಕರೆಸಿದರು. ಅವನು ಅಂಗಳದಲ್ಲಿ ನಿಂತು ಮೇಲೆ ನೋಡಿ, ಇದನ್ನು ಮುಚ್ಚಿ ಮಾಡು ಹಾಕಬೇಕು, ಇಡೀ ಮನೆಗೆ ದೊಡ್ಡ ಏಸಿ ಕೂರಿಸಬೇಕು, ಮರ ಹೋಗಬೇಕು ಎಂದ. ಅವನ ಕಾರ್ಡು ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ಟಿನಡಿ ಬಂದು ಕೂತಿತು. ನಾನು ಬುಧವಾರಗಳಂದು ಹೋದಾಗ ಅದನ್ನು ನೋಡುತ್ತಿದ್ದೆ. ನೋಡಿ ಮರವನ್ನು ನೋಡುತ್ತಿದ್ದೆ. ಮೇಜಿನ ಮೇಲೆ ಕಾಫಿಯಲ್ಲಿ ಬರೆದ ಮನೆಗಳಲ್ಲಿ ಇದೊಂದು ಮಾತ್ರ ಒಣಗದೆ ಉಳಿದಿತ್ತು. ಇದನ್ನೂ ಒರೆಸಿಬಿಟ್ಟರೆ ಅವಳು ಮತ್ತೆ ಬೆರಳೆತ್ತುವುದಿಲ್ಲ ಎಂದು ನನಗೆ ಹೆದರಿಕೆಯಾಗುತ್ತಿತ್ತು.

ಹಬ್ಬದ ವಾರ ಶಕ್ಕು ವಾಪಸು ಬಂದಳು. ಹ್ಯೂಸ್ಟನ್‌ನಿಂದ ಬಾಳೆ ಎಲೆ, ಮಾವಿನ ಸೊಪ್ಪು, ಐಸಿನ ಡಬ್ಬಿಯಲ್ಲಿ ಮಲ್ಲಿಗೆ ಹೂವು ತಂದಿದ್ದಳು. ಬುಧವಾರ ಬೆಳಿಗ್ಗೆ ನಾನು ಹೋದಾಗ ಅವಳು ಪಡಸಾಲೆಯಲ್ಲಿ ನಿಂತು ಗೋಡೆಯ ಮೇಲೆ ಅಂಗೈ ಇಟ್ಟಿದ್ದಳು, ಜ್ವರ ಬಂದ ಮಗುವಿನ ಹಣೆಯ ಮೇಲೆ ಇಡುವ ಹಾಗೆ. ಸುತ್ತಲಿನ ಕಿಟಕಿಗಳೆಲ್ಲ ತೆರೆದಿದ್ದವು. ಪ್ರಹ್ಲಾದ್ ಆಫೀಸಿಗೆ ಹೊರಟು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದರು.

"ಮಾಲಿನಿ ಅವರ, ಕೈ ಇಡ್ರಿ ಇಲ್ಲೆ," ಎಂದಳು.

ಇಟ್ಟೆ. ಬೆಳಗಿನ ಹೊತ್ತಿನಲ್ಲೂ ಕಲ್ಲು ಬೆಚ್ಚಗಿತ್ತು.

"ಕಲ್ಲು ಹಗಲೆಲ್ಲ ಬಿಸಿ ಕುಡೀತದ, ರಾತ್ರಿ ಉಗಳತದ. ಉಗಳೂ ಹೊತ್ತಿಗೆ ಕಿಡಕಿ ಮುಚ್ಚಿದ್ರ ಎಲ್ಲಿ ಉಗಳಬೇಕು? ಮನಿಯೊಳಗ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಧಾನವಾಗಿ ಅರ್ಥವಾಗುತ್ತಿರುವವರ ದನಿ. "ಬೆಂಗಳೂರಾಗ ಹಗಲು ಗಾಳಿ ತಂಪ, ಅದಕ್ಕ ಹಗಲು ತೆಗೀತೀರಿ. ಇಲ್ಲಿ ಹಗಲು ಗಾಳಿ ಅಂದ್ರ ಒಲಿ ಬಾಯಿ. ಮುಂಜಾನೆ ಮುಚ್ಚಬೇಕು, ಸಂಜೀಗೆ ತೆಗೀಬೇಕು. ಎರಡು ತಿಂಗಳು ಈ ಮನೀನ ತಲಿಕೆಳಗ ನಡಿಸ್ಯಾರ."

ಪ್ರಹ್ಲಾದ್ ಲೇಸು ಬಿಟ್ಟು ತಲೆಯೆತ್ತಿದರು. "ಶಕ್ಕು, ಮನೆ ಅಂದ್ರೆ ಯಾರು ಹೇಗಿದ್ರೂ ತಡ್ಕೋಬೇಕು ಕಣೆ. ಅಮ್ಮ ಕಿಟಕಿ ತೆಗೆದ್ರು ಅಂತ ಸಾಯೋ ಮನೆ ಎಂಥ ಮನೆ? ನಾನೇನ್ ಕೆಡವ್ತೀನಿ ಅಂತಿಲ್ಲ. ಒಂದ್ ಮಾಡು, ಒಂದ್ ದೊಡ್ಡ ಯೂನಿಟ್. ಮಗು ಬಚ್ಚಲಲ್ಲಿ ಮಲಗತ್ತೆ, ಗೊತ್ತಾ ನಿಂಗೆ?"

ಆ ಮಾತಿಗೆ ಶಕ್ಕುವಿನ ಕೈ ಗೋಡೆಯಿಂದ ಕೆಳಗೆ ಬಂತು. ಆಮೇಲೆ ಹೇಳಿದಳು, "ಖರೇ ಅದರಿ. ನಾ ಹೇಳಿಕೊಟ್ಟು ಹೋಗಲಿಲ್ಲ. ಶುಕ್ರವಾರದ ತನಕ ನನ್ನ ಕೈಯಾಗ ಕೊಡ್ರಿ. ಅವತ್ತು ಸಂಜೀಗೆ ಮಂದಿ ಎಲ್ಲಾ ರೇಶಿಮಿ ಸೀರಿ ಉಟಗೊಂಡ ಬರ್ತಾರ. ಒಬ್ಬರರೆ ಮನ್ಯಾಗ ಸೆಕಿ ಅಂದ್ರ, ನಾನ ಫೋನ್ ಮಾಡಿ ಸೋಮವಾರ ಆ ಮರ ಕಡಿಯವರನ್ನ ಕರಸ್ತೀನಿ."

"ಒಬ್ರು ಸಾಕಾ?" ಎಂದರು ಪ್ರಹ್ಲಾದ್, ಅರ್ಧ ನಗುತ್ತ.

"ಒಬ್ಬರ ಸಾಕು."

ಅವತ್ತು ಸಂಜೆಯಿಂದಲೇ, ಅತ್ತೆ ದೀಪ ಹಚ್ಚಿ ಎದ್ದ ಮೇಲೆ, ಅವಳು ಎಲ್ಲವನ್ನೂ ತೆಗೆದಳು. ಸೊಳ್ಳೆಗೆಂದು ಹೊಲಿಸಿಟ್ಟಿದ್ದ ಪರದೆಗಳನ್ನು ಕಟ್ಟಿದಳು. ಬೆಳಕಿಂಡಿಗಳ ಹಗ್ಗ ಎಳೆದಳು. ಅಂಗಳದ ಕಲ್ಲಿಗೆ ತೊಟ್ಟಿಯ ನೀರನ್ನು ಚಿಮುಕಿಸಿದಳು. ನಾನು ಇನ್ನೂ ಅಲ್ಲೇ ಇದ್ದೆ, ಆ ವಾಸನೆ ಎದ್ದಿದ್ದು ಆಗಲೇ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಎಲ್ಲವನ್ನೂ ಮುಚ್ಚಿದಳು. ಗುರುವಾರವೂ ಹಾಗೆಯೇ.

ಆದರೆ ಶುಕ್ರವಾರ ಹಬ್ಬ. ನಾನು ಹೋಳಿಗೆ ಹಿಡಿದು ಒಳಗೆ ಕಾಲಿಡುವಾಗ ಪದ್ಮಮ್ಮನವರು ಮಡಿಯುಟ್ಟು ಪಡಸಾಲೆಯ ಕಿಟಕಿಯ ಚಿಲಕಕ್ಕೆ ಕೈ ಹಾಕಿದ್ದರು. ಶಕ್ಕು ಕಲಶಕ್ಕೆ ಸೀರೆ ಉಡಿಸುತ್ತಿದ್ದವಳು ಹಾಗೇ ನಿಂತಳು. ಹಬ್ಬದ ದಿನ ಅತ್ತೆಗೆ ಬೇಡ ಎನ್ನುವುದು ಹೇಗೆ?

"ಅತ್ತಿ, ಬಾಗಲಾ ಒಂದ ತೆಗೀರಿ ಸಾಕು," ಎಂದಳು ಮೆತ್ತಗೆ. "ದೇವರು ಬರೂದು ಬಾಗಲಿಂದ ಅಲ್ಲೇನ್ರಿ?"

ಪದ್ಮಮ್ಮನವರು ಒಂದು ಗಳಿಗೆ ಯೋಚಿಸಿದರು. ಚಿಲಕದಿಂದ ಕೈ ತೆಗೆದರು. "ಹೌದು ಬಿಡು. ಲಕ್ಷ್ಮಿ ಏನ್ ಕಿಟಕಿ ಹಾರಿ ಬರ್ತಾಳಾ." ಅಷ್ಟೇ ಹೇಳಿ ಮುಂಬಾಗಿಲು ತೆರೆದರು. ಅದು ಆಳದ ಜಗಲಿಯ ಒಳಗಿತ್ತು. ಬಿಸಿಲು ಹೊಸ್ತಿಲ ತನಕ ಬರುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಅವರೇ ಅದನ್ನು ಮುಚ್ಚಿದರು.

ದಿನವೆಲ್ಲ ಆ ಮನೆಯ ಅರೆಗತ್ತಲಲ್ಲಿ ಕೆಲಸ ಮಾಡಿದೆವು. ಕೋಸಂಬರಿಗೆ ಸೌತೆಕಾಯಿ ಹೆಚ್ಚಿದೆವು, ತಾಂಬೂಲದ ಚೀಲಕ್ಕೆ ಎಲೆ ಅಡಿಕೆ, ಬಳೆ, ರವಿಕೆ ಕಣ ತುಂಬಿದೆವು. ಒಲೆಯ ಕೆಲಸವನ್ನು ಶಕ್ಕು ಜಗಲಿಯ ಕೊನೆಯಲ್ಲಿದ್ದ ಹೊರಗಿನ ಅಡುಗೆಕಟ್ಟೆಗೆ ಸಾಗಿಸಿದ್ದಳು. ಹೊರಗೆ ಹೋಗಿ ಬಂದಾಗಲೆಲ್ಲ ನನ್ನ ಕನ್ನಡಕದ ಕಡ್ಡಿ ಕಿವಿಗೆ ಸುಡುತ್ತಿತ್ತು. ಒಳಗೆ ಬಂದರೆ ಫ್ಯಾನುಗಳು ಮೆಲ್ಲಗೆ ತಿರುಗುತ್ತಿದ್ದವು. ಏಸಿಯ ಗುಂಡಿಯ ಮೇಲೆ ಶಕ್ಕು ಒಂದು ಕುಂಕುಮದ ಬೊಟ್ಟಿಟ್ಟು, "ಇವತ್ತು ನಿನಗೂ ರಜಾ," ಎಂದಿದ್ದಳು. ಬೇಲಿಯಾಚೆಯಿಂದ ನೆರೆಮನೆಯ ಡಾರ್ಲೀನ್ ಅವರ ಏಸಿ ಯಂತ್ರದ ಮೊರೆತ ಕೇಳುತ್ತಿತ್ತು. ಡಾರ್ಲೀನ್ ವಯಸ್ಸಾದ ಒಂಟಿ ಹೆಂಗಸು. ಮನೆ ಕಟ್ಟುವಾಗ ದಿನಾ ಬೇಲಿಗೆ ಒರಗಿ ನಿಂತು ಏನೂ ಕೇಳದೆ ನೋಡಿ ಹೋಗುತ್ತಿದ್ದರು.

ಮಧ್ಯಾಹ್ನ ನಾನು ಸುಮ್ಮನೆ ಗೋಡೆಗೆ ಕೈ ಇಟ್ಟು ನೋಡಿದೆ. ಬುಧವಾರದಂತೆ ಬೆಚ್ಚಗಿರಲಿಲ್ಲ. ನೀರು ತುಂಬಿದ ಮಡಕೆಯ ಹೊಟ್ಟೆ ಮುಟ್ಟಿದಂತೆ ಇತ್ತು. ಶಕ್ಕು ನೋಡಿದಳು, ಇನ್ನೊಂದು ತಾಂಬೂಲದ ಚೀಲವನ್ನು ನನ್ನ ಕಡೆ ಸರಿಸಿದಳು.

ಬಿಸಿಲು ಇಳಿದ ಮೇಲೆ ಅವಳು ಒಂದು ಕೆಲಸ ಮಾಡಿದಳು. ಅದನ್ನು ಈಗಲೂ ನೆನೆಸಿಕೊಂಡು ಮೆಚ್ಚುತ್ತೇನೆ. ಮುಂದಿನ ಜಗಲಿಯಲ್ಲಿದ್ದ ತುಳಸಿಯ ಕುಂಡವನ್ನು ಎತ್ತಿಕೊಂಡು ಹೋಗಿ ಅಂಗಳದಾಚೆಯ ಉತ್ತರದ ಬಾಗಿಲ ಬಳಿ ಇಟ್ಟಳು. ಮನೆಯ ಗಾಳಿಯೆಲ್ಲ ಒಳಬರಬೇಕಾದದ್ದು ಆ ಬಾಗಿಲಿಂದ. ಎರಡು ತಿಂಗಳು ದೀಪದ ಹೊತ್ತಿಗೆ ಪದ್ಮಮ್ಮನವರು ಭದ್ರವಾಗಿ ಮುಚ್ಚುತ್ತಿದ್ದ ಹಿಂಬಾಗಿಲೂ ಅದೇ.

ದೀಪ ಹಚ್ಚಿ ಅವರು ಎಂದಿನಂತೆ ಅತ್ತ ಹೊರಟರು. ಕುಂಡ ಕಂಡು ನಿಂತರು.

"ತುಳಸೀನ ಯಾರಮ್ಮ ಇಲ್ಲಿಟ್ಟಿದ್ದು?"

"ನಾನ ರೀ ಅತ್ತಿ. ಅಲ್ಲಿ ಭಾಳ ಬಿಸಲು ಬಡೀತಿತ್ತು."

ಪದ್ಮಮ್ಮನವರು ಸೊಸೆಯ ಮುಖ ನೋಡಿದರು, ತುಳಸಿಯನ್ನು ನೋಡಿದರು, ತೆರೆದ ಬಾಗಿಲನ್ನು ನೋಡಿದರು. ತುಟಿಯ ಕೊನೆಯಲ್ಲಿ ಸಣ್ಣ ನಗೆಯೊಂದು ಬಂದು ಹೋಯಿತು. "ತುಳಸಿ ಮುಂದೆ ಬಾಗಿಲು ಯಾರು ಮುಚ್ತಾರೆ," ಎಂದು ತಮಗೆ ತಾವೇ ಹೇಳಿಕೊಂಡಂತೆ ಹೇಳಿ, ಅಲ್ಲೂ ಒಂದು ದೀಪವಿಟ್ಟು, ಅಡುಗೆಮನೆಯ ಸಣ್ಣ ಬಾಗಿಲನ್ನು ಮುಚ್ಚಿ ಬಂದರು. ಆ ಮನೆಗೆ ಹಿಂಬಾಗಿಲು ಅಂದಿನಿಂದ ಅದೇ ಆಯಿತು.

ನಂತರ ಕಾರುಗಳು ಬರತೊಡಗಿದವು. ಮೊದಲು ಬಂದವರು ಜಗಲಿ ಹತ್ತುತ್ತಲೇ, "ಅಬ್ಬಬ್ಬ, ಏನ್ ಸೆಕೆ ಕಣ್ರೀ," ಎಂದರು. ಪಾನಕದ ಲೋಟ ಹಂಚಲು ನಿಂತಿದ್ದ ಪ್ರಹ್ಲಾದ್ ತಟಕ್ಕನೆ ತಲೆಯೆತ್ತಿದರು. ಶಕ್ಕು ಕುಂಕುಮದ ಬಟ್ಟಲು ಹಿಡಿದೇ ಬಾಗಿಲ ಕಡೆ ತಿರುಗಿದಳು. "ಕಾರಲ್ಲಿ," ಎಂದು ಅವರು ಸೆರಗು ಸರಿಮಾಡಿಕೊಂಡು ಒಳಗೆ ಬಂದರು. "ನಮ್ಮ ಕಾರಿನ ಏಸಿ ಕೆಟ್ಟು ಎರಡು ದಿನ ಆಯ್ತು. ಕೊಡಿ ಪಾನಕ."

ಪಡಸಾಲೆ ತುಂಬಿತು. ಕಂಚಿ, ಮೈಸೂರು ಸಿಲ್ಕು, ಇಳಕಲ್ಲು. ಮಲ್ಲಿಗೆ, ಕರ್ಪೂರ, ಹೋಳಿಗೆಯ ತುಪ್ಪ. ಹೆಂಗಸರು ಕೈಗೆ ದಾರ ಕಟ್ಟಿಸಿಕೊಂಡರು, ಹಾಡಿದರು, ಮಕ್ಕಳ ಸ್ಕೂಲು ಶುರುವಾದದ್ದನ್ನೂ ಮೂರು ಗಂಟೆ ದಾರಿಯ ಇರ್ವಿಂಗ್‌ನ ಅಂಗಡಿಗೆ ನುಗ್ಗೆಕಾಯಿ ಬಂದಿದ್ದನ್ನೂ ಮಾತಾಡಿದರು. ಮನೆಯ ವಿಷಯ ಯಾರೂ ಎತ್ತಲಿಲ್ಲ. ಹೊಗಳಲಿಲ್ಲ, ತೆಗಳಲಿಲ್ಲ. ಶಕ್ಕು ಒಬ್ಬೊಬ್ಬರ ಮುಖಕ್ಕೂ ಅರಿಶಿನ ಹಚ್ಚುವಾಗ ಕೆನ್ನೆಯ ಮೇಲೆ ಬೆವರಿದೆಯೇ ಎಂದು ನೋಡುತ್ತಿದ್ದದ್ದು ನನಗೊಬ್ಬಳಿಗೇ ಗೊತ್ತಿತ್ತು. ಯಾರ ಸೆರಗೂ ಬೀಸಣಿಗೆಯಾಗಲಿಲ್ಲ. ತಾಂಬೂಲದ ಚೀಲ ಹಿಡಿದು ಯಾರೂ ಗಾಳಿ ಬೀಸಿಕೊಳ್ಳಲಿಲ್ಲ. ಒಂದು ಮಗು ಕಿಟಕಿಯ ಕಟ್ಟೆಯಲ್ಲಿ ಜರಿಯಂಚಿನ ಲಂಗ ಉಟ್ಟುಕೊಂಡೇ ನಿದ್ದೆಹೋಯಿತು. ಅನಘಾ ಅವಳ ಪಕ್ಕ ಕೂತು ಅವಳ ಬಳೆ ಎಣಿಸುತ್ತಿದ್ದಳು.

ಕಲಶದ ಮುಂದಿನ ದೀಪವನ್ನು ನೋಡಿದೆ. ಅಲ್ಲಿ ಮೇಲೆ ಕಿಂಡಿಯಿಲ್ಲ, ರಟ್ಟಿಲ್ಲ. ಬೆಳಿಗ್ಗೆ ಅದು ನೆಟ್ಟಗೆ, ಹೊಲಿಗೆಯ ಸಿಸ್ಟರ್ ಕೂರುತ್ತಿದ್ದ ಹಾಗೆ ನೆಟ್ಟಗೆ ಇತ್ತು. ಈಗ ಕುಡಿ ಒಂದಿಷ್ಟೇ ಬಾಗಿತ್ತು. ಊದುಬತ್ತಿಯ ಹೊಗೆ ತುಳಸಿಯ ಬಾಗಿಲ ಕಡೆಯಿಂದ ಅಡ್ಡವಾಗಿ ಬಂದು, ಹೆಂಗಸರ ತಲೆಗಳ ಮೇಲೆ ಹಾದು, ಮೆಲ್ಲಗೆ ಮೇಲೇರಿ ಬೆಳಕಿಂಡಿಯಿಂದ ಹೊರಹೋಗುತ್ತಿತ್ತು. ಮನೆ ಉಸಿರಾಡುತ್ತಿತ್ತು. ಕಾಫಿಯ ಹನಿಯಲ್ಲಿ ಅವಳು ಬೆರಳಿಟ್ಟು ಎಳೆದು ತೋರಿಸುತ್ತಿದ್ದ ಗೆರೆಯೇ ಅದು. ನಾನು ಶಕ್ಕುವಿನ ಮೊಣಕೈ ಮುಟ್ಟಿ ತೋರಿಸಿದೆ. ಅವಳು ನೋಡಿದಳು. ಕಣ್ಣು ತುಂಬಿತೋ ಹೊಗೆ ಹೋಯಿತೋ, ಸೆರಗಿನಿಂದ ಒರೆಸಿಕೊಂಡು ಕೋಸಂಬರಿ ಬಡಿಸಲು ಹೋದಳು.

ಹೆಚ್ಚಿನವರು ಹೊರಟ ಮೇಲೆ ಡಾರ್ಲೀನ್ ಬಂದರು. ಅವರ ಗೇಟಿಗೆ ಅಡ್ಡವಾಗಿ ಯಾರದೋ ಕಾರು ನಿಂತಿತ್ತು. ತೆಗೆಯಲು ಅವಸರವೇನಿಲ್ಲ, ಸುಮ್ಮನೆ ಹೇಳಲು ಬಂದೆ ಎಂದರು. ಹಾಗೆ ಹೇಳಿದರೂ ಬೇಲಿಯಾಚೆಯಿಂದ ಇಲ್ಲಿಗೆ ನಡೆದು ಬರುವಷ್ಟರಲ್ಲಿ ಅವರ ಮುಖ ಕೆಂಪಾಗಿ, ಟೋಪಿಯ ಅಂಚು ಒದ್ದೆಯಾಗಿತ್ತು. ಪದ್ಮಮ್ಮನವರು ಭಾಷೆಯ ಗೊಡವೆಯಿಲ್ಲದೆ ಅವರ ಕೈ ಹಿಡಿದು ಒಳಗೆ ಕರೆತಂದು ಕೂರಿಸಿದರು, ಹಣೆಗೆ ಕುಂಕುಮವಿಟ್ಟರು, ಹೋಳಿಗೆಗೆ ತುಪ್ಪ ಹಾಕಿ ಕೊಟ್ಟರು. ಡಾರ್ಲೀನ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಹೋಳಿಗೆ ತಿನ್ನುತ್ತ ಮರವನ್ನು, ಕಲಶವನ್ನು, ನಿದ್ದೆಹೋದ ಮಗುವನ್ನು ನೋಡಿದರು. ಎರಡನೆಯ ಹೋಳಿಗೆ ಬೇಡವೆನ್ನಲಿಲ್ಲ. ಬೇಲಿಯಾಚೆ ಅವರ ಯಂತ್ರ ಮೊರೆಯುತ್ತಲೇ ಇತ್ತು.

ಹೊರಡುವಾಗ ಪ್ರಹ್ಲಾದ್ ಅವರನ್ನು ಜಗಲಿಯ ತನಕ ಬಿಡಲು ಹೋದರು. ಶಕ್ಕು ಮತ್ತು ನಾನು ಹಿಂದೆ ನಿಂತಿದ್ದೆವು. ಡಾರ್ಲೀನ್ ಟೋಪಿ ಹಾಕಿಕೊಳ್ಳುತ್ತ, ಏನೋ ಮರೆತದ್ದು ನೆನಪಾದವರಂತೆ ತಿರುಗಿ ತಮ್ಮ ಇಂಗ್ಲಿಷಿನಲ್ಲಿ ಕೇಳಿದರು:

"ಅಂದ ಹಾಗೆ ಮಗಾ, ನಿಮ್ಮ ಏಸಿ ಹಾಕಿಕೊಟ್ಟವರು ಯಾರು? ನನ್ನದು ಒಬ್ಬಳಿಗಾಗಿ ರಾತ್ರಿಯಿಡೀ ಕರು ಕಳಕೊಂಡ ಹಸುವಿನ ಹಾಗೆ ಕೂಗುತ್ತೆ. ನಿಮ್ಮದು ಇಷ್ಟು ಜನರನ್ನ ತಂಪಾಗಿಟ್ಟೂ ಉಸಿರೆತ್ತೋದಿಲ್ಲವಲ್ಲ."